ಸಿಹಿನೀರಿನ ಸೀಗಡಿಯ ತಳಿಸಂಕರ: ಬೆಳವಣಿಗೆಗೂ ಉಳಿವಿಗೂ ಅದರ ಪ್ರಯೋಜನ

ಪೀಠಿಕೆ

ಆಲೂರು, ಸಕಲೇಶಪುರ ತಾಲ್ಲೂಕುಗಳ ಬೆಟ್ಟದ ಸೀಮೆಯಲ್ಲಿ, ಮುಖ್ಯವಾಗಿ ಬಾಳ್ಳುಪೇಟೆಯ ಸುತ್ತಮುತ್ತಣ ಗ್ರಾಮಗಳಲ್ಲಿ, ತಳಿಸಂಕರವೆಂಬುದು ಹೊಸ ಮಾತಲ್ಲ. ಇಲ್ಲಿನ ತೋಟಗಳಲ್ಲಿ ಬಹುಕಾಲದಿಂದ ಬೆಳೆದುಬಂದಿರುವ ಎಸ್. 795 ಎಂಬ ಅರೇಬಿಕಾ ಕಾಫಿಯು ಸಂಕರದಿಂದಲೇ ಹುಟ್ಟಿದುದು. 1925ರಲ್ಲಿ ಸ್ಥಾಪಿತವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ, ಎಲೆತುಕ್ಕು ರೋಗವನ್ನು ತಡೆಯುವ ಶಕ್ತಿಯಿದ್ದ ಎಸ್. 288 ಎಂಬ ಗಿಡವನ್ನು ಒಳ್ಳೆಯ ಗುಣದ ಕಾಳಿಗೆ ಹೆಸರಾಗಿದ್ದ ಕೆಂಟ್ಸ್ ಜಾತಿಯೊಡನೆ ಕೂಡಿಸಿ, 1940ರ ದಶಕದಲ್ಲಿ ಇದನ್ನು ಹೊರತಂದರು. ಒಂದರ ರೋಗನಿರೋಧ, ಇನ್ನೊಂದರ ಫಲಗುಣ, ಇವೆರಡೂ ಒಂದೇ ಗಿಡದಲ್ಲಿ ಸೇರಿದುದೇ ಅದರ ಪ್ರಯೋಜನ. ಕಾಲಕ್ರಮದಲ್ಲಿ ತುಕ್ಕುರೋಗದ ಹೊಸ ಬಗೆಗಳು ತಲೆದೋರಿ ಎಸ್. 795 ಕೂಡ ರೋಗಕ್ಕೆ ಒಳಗಾಯಿತು. ಆದುದರಿಂದ ಸಂಕರದ ಫಲವು ದೊಡ್ಡದು, ಆದರೆ ಅದು ಶಾಶ್ವತವಲ್ಲ ಎಂಬ ಎರಡು ಪಾಠಗಳನ್ನೂ ಈ ಸೀಮೆಯ ತೋಟಗಾರರು ತಮ್ಮ ತೋಟಗಳಲ್ಲಿಯೇ ಕಂಡಿರುವರು.

ಇದೇ ವಿಧಾನವನ್ನು ಜಲಚರಗಳಲ್ಲಿಯೂ, ಅವುಗಳೊಳಗೆ ಚಿಪ್ಪುಳ್ಳ ಪ್ರಾಣಿಗಳಾದ ಸೀಗಡಿ, ಕಡಲಚಿಪ್ಪು ಮೊದಲಾದವುಗಳಲ್ಲಿಯೂ ಈಗ ಅನುಸರಿಸುತ್ತಿರುವರು. ಕೆರೆ ಅಥವಾ ಕೃಷಿಹೊಂಡವುಳ್ಳ ಜಮೀನುದಾರರು ಸಿಹಿನೀರಿನ ಸೀಗಡಿಯನ್ನು ಸಾಕಲು ಮನಸ್ಸು ಮಾಡಿದರೆ, ಅವರು ಮೊದಲು ಖರ್ಚು ಮಾಡುವುದು ಮರಿಗಳಿಗಾಗಿ. ಆ ಮರಿಗಳ ತಂದೆತಾಯಿಗಳು ಯಾವುವು ಎಂಬುದರ ಮೇಲೆ ವರ್ಷದ ಲಾಭನಷ್ಟಗಳು ಬಹುಮಟ್ಟಿಗೆ ನಿಂತಿರುವುವು. ಇದು ಹೇಗೆಂಬುದನ್ನು ಈ ಲೇಖನದಲ್ಲಿ ವಿವರಿಸಿದೆ.

ಈ ಪ್ರಾಣಿಯ ಸ್ವಭಾವ

ಸಾಕಣೆಗೆ ಬಳಸುವ ದೊಡ್ಡ ಸಿಹಿನೀರು ಸೀಗಡಿಗೆ ಶಾಸ್ತ್ರದಲ್ಲಿ ಮ್ಯಾಕ್ರೋಬ್ರೇಕಿಯಂ ರೋಸೆನ್‌ಬರ್ಗಿ ಎಂದು ಹೆಸರು. ವ್ಯಾಪಾರದಲ್ಲಿ ಸ್ಕ್ಯಾಂಪಿ ಎನ್ನುವರು. ಇದು ಬೆಳೆಯುವುದು ಸಿಹಿನೀರಿನಲ್ಲಿ. ಆದರೆ ಇದರ ಸಂತಾನವು ಬದುಕುವುದು ಉಪ್ಪು ಬೆರೆತ ನೀರಿನಲ್ಲಿ. ಹೆಣ್ಣು ಸೀಗಡಿಯು ಪೊರೆ ಬಿಟ್ಟು ಮೈ ಮೆತ್ತಗಿರುವಾಗ ಗಂಡಿನೊಡನೆ ಕೂಡಿ, ಮೊಟ್ಟೆಗಳನ್ನು ಸುಮಾರು ಮೂರು ವಾರಗಳ ಕಾಲ ಹೊಟ್ಟೆಯ ಕೆಳಗೆ ಹೊತ್ತುಕೊಂಡಿರುವುದು. ಮೊಟ್ಟೆಗಳು ಮೊದಲು ಕಿತ್ತಳೆ ಬಣ್ಣವಾಗಿದ್ದು, ಒಡೆಯುವ ಕಾಲಕ್ಕೆ ಬೂದುಬಣ್ಣಕ್ಕೆ ತಿರುಗುವುವು. ಹೊಳೆಗಳಲ್ಲಿ ಇಂಥ ಹೆಣ್ಣುಗಳು ಪ್ರವಾಹದೊಡನೆ ಇಳಿದು, ಸಮುದ್ರದ ನೀರೂ ಹೊಳೆಯ ನೀರೂ ಕೂಡುವ ಅಳಿವೆಯನ್ನು ಸೇರುವುವು. ಹುಟ್ಟಿದ ಹುಳುವಿನಂಥ ಮರಿಯು ಅಲ್ಲಿ ಹನ್ನೊಂದು ಅವಸ್ಥೆಗಳನ್ನು ದಾಟಿ, ತಿಂಗಳೊಂದರ ಹೊತ್ತಿಗೆ ಸೀಗಡಿಯ ರೂಪವನ್ನು ಪಡೆದು, ಮತ್ತೆ ಸಿಹಿನೀರಿನ ಕಡೆಗೆ ಏರುವುದು. ಮರಿಗಳಿಗೆ ಉಪ್ಪುನೀರು ಅಗತ್ಯವೆಂಬ ಸಂಗತಿಯನ್ನು 1960ರ ದಶಕದ ಆರಂಭದಲ್ಲಿ ಮಲಯದಲ್ಲಿ ಕೆಲಸ ಮಾಡುತ್ತಿದ್ದ ಶಾವೋ-ವೆನ್ ಲಿಂಗ್ ಎಂಬ ಶಾಸ್ತ್ರಜ್ಞರು ಕಂಡುಹಿಡಿದ ಮೇಲೆಯೇ ಈ ಸಾಕಣೆಗೆ ದಾರಿಯಾಯಿತು.

ಇದರಿಂದ ಬೆಟ್ಟದ ಸೀಮೆಯ ರೈತನಿಗೆ ಒಂದು ಮುಖ್ಯವಾದ ಮಾತು ಸಿದ್ಧವಾಗುತ್ತದೆ. ಬಾಳ್ಳುಪೇಟೆಯ ಕಡೆಯ ಹಳ್ಳಗಳ ನೀರು ಹೇಮಾವತಿಯನ್ನೂ ಕಾವೇರಿಯನ್ನೂ ಸೇರಿ, ನಡುವೆ ಅಣೆಕಟ್ಟುಗಳನ್ನು ದಾಟಿ, ಬಹುದೂರದ ಬಂಗಾಳ ಕೊಲ್ಲಿಯನ್ನು ಮುಟ್ಟುವುದು. ಇಲ್ಲಿನ ಕೆರೆಯಲ್ಲಿ ಮೊಟ್ಟೆ ಹೊತ್ತ ಹೆಣ್ಣು ಕಂಡುಬಂದರೂ ಅದರ ಮರಿಗಳು ಬದುಕಲಾರವು. ಭತ್ತದ ಬೀಜವನ್ನು ಕಣದಿಂದ ತೆಗೆದಿಟ್ಟುಕೊಂಡಂತೆ ಸೀಗಡಿಯ ಮರಿಯನ್ನು ತನ್ನ ಕೆರೆಯಿಂದಲೇ ಪಡೆಯುವುದು ಸಾಧ್ಯವಿಲ್ಲ. ಪ್ರತಿ ಸಲವೂ ಮರಿ ಉತ್ಪಾದನಾ ಕೇಂದ್ರದಿಂದ ಕೊಳ್ಳಲೇಬೇಕು. ಆದುದರಿಂದ ಕೇಂದ್ರದವರ ಎಚ್ಚರಿಕೆಯೇ ರೈತನ ಅದೃಷ್ಟವಾಗಿ ಪರಿಣಮಿಸುತ್ತದೆ.

ತಳಿ ಕೆಡುವ ಬಗೆ

ಚೆನ್ನಾಗಿ ಬೆಳೆದ ಒಂದು ಹೆಣ್ಣು ಸೀಗಡಿಯು ಒಂದು ಸಲಕ್ಕೆ 80,000ದಿಂದ 1,00,000 ಮೊಟ್ಟೆಗಳನ್ನಿಡಬಲ್ಲದು. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಕೆಲವೇ ಹೆಣ್ಣುಗಳಿಂದ ಲಕ್ಷಗಟ್ಟಲೆ ಮರಿಗಳು ದೊರೆಯುವುದರಿಂದ, ಹೆಚ್ಚು ತಂದೆತಾಯಿಗಳನ್ನು ಸಾಕುವ ಶ್ರಮವನ್ನು ಕೇಂದ್ರದವರು ಬಿಟ್ಟುಬಿಡುವ ಸಂಭವವುಂಟು. ಆ ಮರಿಗಳು ಒಡಹುಟ್ಟಿದವುಗಳಾಗಿದ್ದು, ಅವುಗಳಿಂದಲೇ ಮುಂದಿನ ತಲೆಮಾರನ್ನು ತೆಗೆದರೆ, ಸಮೀಪದ ರಕ್ತಸಂಬಂಧದಲ್ಲಿ ಕೂಡಿಕೆಯಾಗುವುದು. ಮರೆಯಾಗಿದ್ದ ದೋಷಗಳು ಆಗ ಎರಡು ಕಡೆಯಿಂದಲೂ ಒಂದೇ ಮರಿಗೆ ಬಂದು ಬಯಲಾಗುವುವು. ಬೆಳವಣಿಗೆ ಕುಗ್ಗುವುದು, ಎಳೆಯ ಮರಿಗಳು ಹೆಚ್ಚಾಗಿ ಸಾಯುವುವು, ರೋಗ ಬಂದಾಗ ತಡೆಯುವ ಶಕ್ತಿ ಇಲ್ಲವಾಗುವುದು.

ಈ ಕೆಡುಕನ್ನು ಲೆಕ್ಕದಿಂದ ತಿಳಿಯಬಹುದು. ತಂದೆಗಳ ಸಂಖ್ಯೆಯನ್ನು ಎಂಟರಿಂದ ಗುಣಿಸಿ, ಬಂದ ಮೊತ್ತದಿಂದ ಒಂದನ್ನು ಭಾಗಿಸಬೇಕು. ತಾಯಿಗಳ ಸಂಖ್ಯೆಗೂ ಹಾಗೆಯೇ ಮಾಡಬೇಕು. ಎರಡನ್ನೂ ಕೂಡಿಸಿದರೆ ಒಂದು ತಲೆಮಾರಿನಲ್ಲಿ ರಕ್ತಸಂಬಂಧವು ಎಷ್ಟು ಹೆಚ್ಚುವುದೆಂಬುದು ಸ್ಥೂಲವಾಗಿ ದೊರೆಯುವುದು. ಎರಡು ಗಂಡು, ಇಪ್ಪತ್ತು ಹೆಣ್ಣುಗಳಿಂದ ಮರಿ ತೆಗೆದರೆ ಹದಿನಾರನೆಯ ಒಂದು ಪಾಲು, ನೂರ ಅರವತ್ತನೆಯ ಒಂದು ಪಾಲು ಸೇರಿ ಶೇಕಡಾ 6.9 ಆಗುವುದು. ಹೀಗೆಯೇ ನಾಲ್ಕು ತಲೆಮಾರು ನಡೆದರೆ ಅದು ಶೇಕಡಾ 25ರ ಹತ್ತಿರಕ್ಕೆ ಬರುವುದು. ಅಂದರೆ ಒಡಹುಟ್ಟಿದ ಗಂಡುಹೆಣ್ಣುಗಳನ್ನು ಒಮ್ಮೆ ಕೂಡಿಸಿದುದಕ್ಕೆ ಸಮನಾಗುವುದು. ಐವತ್ತು ಗಂಡು, ಐವತ್ತು ಹೆಣ್ಣುಗಳಿದ್ದ ಪಕ್ಷದಲ್ಲಿ ಒಂದು ತಲೆಮಾರಿಗೆ ಕೇವಲ ಶೇಕಡಾ ಅರ್ಧದಷ್ಟಾಗುವುದು. ಹೆಣ್ಣುಗಳು ಎಷ್ಟಿದ್ದರೂ ಗಂಡುಗಳು ಕಡಿಮೆಯಾದರೆ ತಳಿಗೆ ಹಾನಿ ತಪ್ಪದೆಂಬುದನ್ನು ಇದರಲ್ಲಿ ವಿಶೇಷವಾಗಿ ಗಮನಿಸಬೇಕು.

ಇನ್ನೊಂದು ತಪ್ಪೂ ಉಂಟು. ಬೆಳೆದ ಸೀಗಡಿಗಳಲ್ಲಿ ದೊಡ್ಡವುಗಳನ್ನು ಮೊದಲು ಹಿಡಿದು ಮಾರಿ, ಕೊನೆಯಲ್ಲಿ ಕೊಳದಲ್ಲಿ ಉಳಿದ ಸಣ್ಣ ಹೆಣ್ಣುಗಳನ್ನು ಮರಿಗಾಗಿ ಕೇಂದ್ರಕ್ಕೆ ಕೊಡುವ ಪದ್ಧತಿಯು ಕೆಲವೆಡೆ ಬೆಳೆಯಿತು. ಇದು ಒಳ್ಳೆಯ ತೆನೆಗಳನ್ನೆಲ್ಲ ಮಾರಿ ಜೊಳ್ಳನ್ನು ಬಿತ್ತನೆಗೆ ಇಟ್ಟುಕೊಂಡಂತೆ. ಬೇಗ ಮೊಟ್ಟೆ ಹೊತ್ತು ಬೆಳವಣಿಗೆ ನಿಂತ ಹೆಣ್ಣುಗಳ ಗುಣವೇ ಮುಂದಿನ ತಲೆಮಾರಿಗೆ ಹೋಗುವುದು.

ಭಾರತದಲ್ಲಿ ಈ ಸೀಗಡಿಯ ಸಾಕಣೆಯು, ಮುಖ್ಯವಾಗಿ ಆಂಧ್ರದಲ್ಲಿ, ಬಹುಬೇಗ ಬೆಳೆದು, 2005–06ರಲ್ಲಿ ಉತ್ಪನ್ನವು 40,000 ಟನ್ನುಗಳನ್ನು ಮೀರಿತು. ಆದರೆ 2009–10ರ ಹೊತ್ತಿಗೆ 10,000 ಟನ್ನಿಗೂ ಕೆಳಗಿಳಿಯಿತು. ಮರಿಗಳ ಸತ್ವವು ಕುಂದಿದುದು, ಬಾಲವು ಬಿಳುಪಾಗಿ ಎಳೆಮರಿಗಳು ರಾಶಿರಾಶಿಯಾಗಿ ಸಾಯುವ ವಿಷಾಣು ರೋಗವು ಹರಡಿದುದು, ಬೆಳೆಗಾರರು ವನ್ನಾಮೈ ಎಂಬ ಬೇರೆ ಸೀಗಡಿಯ ಕಡೆಗೆ ತಿರುಗಿದುದು, ಇವೆಲ್ಲವೂ ಸೇರಿ ಈ ಇಳಿತಕ್ಕೆ ಕಾರಣವಾದುವು.

ಸಂಕರವೆಂದರೇನು?

ಒಂದೇ ಜಾತಿಯ ಪ್ರಾಣಿಗಳು ಬೇರೆ ಬೇರೆ ನದಿಗಳಲ್ಲಿ ಬಹುಕಾಲ ಪ್ರತ್ಯೇಕವಾಗಿ ಬೆಳೆದರೆ, ಅವುಗಳ ಗುಣಗಳು ಸ್ವಲ್ಪ ಸ್ವಲ್ಪವಾಗಿ ಬೇರೆಯಾಗುವುವು. ಇಂಥ ಎರಡು ಮೂಲಗಳ ಗಂಡುಹೆಣ್ಣುಗಳನ್ನು ಕೂಡಿಸುವುದೇ ತಳಿಸಂಕರ. ಇದರಿಂದ ಬರುವ ಪ್ರಯೋಜನಗಳು ಎರಡು ಬಗೆಯವು.

ಮೊದಲನೆಯದು ಸಂಕರಪುಷ್ಟಿ. ಒಂದು ಮೂಲದಲ್ಲಿ ಮರೆಯಾಗಿರುವ ದೋಷವನ್ನು ಇನ್ನೊಂದು ಮೂಲದ ಗುಣವು ಮುಚ್ಚುವುದರಿಂದ, ಮೊದಲ ತಲೆಮಾರಿನ ಮರಿಗಳು ತಂದೆತಾಯಿಗಳಿಗಿಂತ ಪುಷ್ಟವಾಗಿರಬಹುದು. ಹೈಬ್ರಿಡ್ ಮೆಕ್ಕೆಜೋಳದಲ್ಲಿ ರೈತರು ಕಾಣುವುದು ಇದನ್ನೇ. ಆದರೆ ಈ ಪುಷ್ಟಿಯು ಮರುತಲೆಮಾರಿನಲ್ಲಿ ಪೂರ್ತಿಯಾಗಿ ಉಳಿಯದು. ಎರಡನೆಯದು ಗುಣವೈವಿಧ್ಯ. ಹಲವು ಮೂಲಗಳ ಗುಣಗಳು ಒಂದೇ ಹಿಂಡಿನಲ್ಲಿ ಸೇರಿದಾಗ, ಅವುಗಳಲ್ಲಿ ಉತ್ತಮವಾದುವನ್ನು ತಲೆಮಾರು ತಲೆಮಾರಾಗಿ ಆರಿಸಿಕೊಳ್ಳುವುದಕ್ಕೆ ಅವಕಾಶವಾಗುವುದು. ಇದು ನಿಧಾನವಾದುದು, ಆದರೆ ಗಳಿಸಿದುದು ಮುಂದಿನ ತಲೆಮಾರಿಗೂ ಉಳಿಯುವುದು.

ಮೊದಲನೆಯ ಬಗೆಗೆ ಚೀನಾ ದೇಶದ ಕಡಲಚಿಪ್ಪುಗಳು ಒಳ್ಳೆಯ ನಿದರ್ಶನ. ಅಲ್ಲಿ ಅಬಲೋನ್ ಎಂಬ ಬೆಲೆಬಾಳುವ ಚಿಪ್ಪುಪ್ರಾಣಿಯ ಸಾಕಣೆಯಲ್ಲಿ 1990ರ ದಶಕದಲ್ಲಿ ಮರಿಗಳು ರಾಶಿಯಾಗಿ ಸಾಯತೊಡಗಿದಾಗ, ಚೀನಾ ತೀರದ ಪ್ರಾಣಿಗಳನ್ನು ಜಪಾನ್ ತೀರದ ಅದೇ ಜಾತಿಯವುಗಳೊಡನೆ ಕೂಡಿಸಿದರು. ಸಂಕರದ ಮರಿಗಳು ಉಳಿವಿನಲ್ಲಿಯೂ ಬೆಳವಣಿಗೆಯಲ್ಲಿಯೂ ಮೇಲಾಗಿ, ಆ ಕಸುಬು ಚೇತರಿಸಿಕೊಂಡಿತು. ಅದೇ ದೇಶಕ್ಕೆ 1982ರಲ್ಲಿ ಅಮೆರಿಕದಿಂದ ತಂದ ಬೇ ಸ್ಕ್ಯಾಲಪ್ ಎಂಬ ಚಿಪ್ಪುಪ್ರಾಣಿಗಳಲ್ಲಿ ಸಂತಾನಕ್ಕೆ ಉಳಿದುವು ಕೇವಲ 26. ಆ 26ರಿಂದಲೇ ದೊಡ್ಡ ಸಾಕಣೆಯು ಬೆಳೆಯಿತು. ಆದರೆ ಮೂಲವು ಇಷ್ಟು ಕಿರಿದಾಗಿದ್ದುದರಿಂದ 1990ರ ದಶಕದಲ್ಲಿ ಮತ್ತೆ ಹೊಸ ಪ್ರಾಣಿಗಳನ್ನು ತರಬೇಕಾಯಿತು.

ಎರಡನೆಯ ಬಗೆಗೆ ತಿಲಾಪಿಯ ಮೀನು ನಿದರ್ಶನ. 1988ರಲ್ಲಿ ಫಿಲಿಪ್ಪೀನ್ಸ್ ದೇಶದಲ್ಲಿ, ಆಫ್ರಿಕದ ನಾಲ್ಕು ಕಾಡುಮೂಲಗಳನ್ನೂ ಏಷ್ಯದ ನಾಲ್ಕು ಸಾಕುಮೂಲಗಳನ್ನೂ ಎಲ್ಲ ಬಗೆಯಿಂದಲೂ ಕೂಡಿಸಿ, 64 ಜೋಡಣೆಗಳನ್ನು ಪರೀಕ್ಷಿಸಿದರು. ಅಲ್ಲಿ ಸಂಕರಪುಷ್ಟಿಯು ಅಲ್ಪವಾಗಿ ಕಂಡಿತು. ಆದುದರಿಂದ ಒಂದು ಜೋಡಣೆಯನ್ನೇ ನೆಚ್ಚದೆ, ಉತ್ತಮವಾದುವುಗಳನ್ನೆಲ್ಲ ಸೇರಿಸಿ ಒಂದು ಹಿಂಡು ಮಾಡಿ, ಅದರೊಳಗೆ ಆಯ್ಕೆಯನ್ನು ನಡೆಸಿದರು. ಭಾರತದ ಜಯಂತಿ ರೋಹು ಕೂಡ ಹೀಗೆಯೇ ಆದುದು. 1992ರಲ್ಲಿ ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರ ನದಿಗಳ ರೋಹು ಮೀನುಗಳನ್ನೂ ಸಾಕಣೆಯ ಮೀನುಗಳನ್ನೂ ಮೂಲವಾಗಿಟ್ಟುಕೊಂಡು ಕೆಲಸ ಆರಂಭವಾಗಿ, ತಲೆಮಾರೊಂದಕ್ಕೆ ಸರಾಸರಿ ಶೇಕಡಾ 17ರಷ್ಟು ಬೆಳವಣಿಗೆಯು ಹೆಚ್ಚಿತು.

ಭುವನೇಶ್ವರದಲ್ಲಿ ನಡೆದ ಕೆಲಸ

ಜಯಂತಿ ರೋಹುವನ್ನು ಹೊರತಂದುದು ಒಡಿಶಾದ ಭುವನೇಶ್ವರದ ಬಳಿ ಕೌಸಲ್ಯಾಗಂಗದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ. ಸೀಗಡಿಯ ತಳಿಸುಧಾರಣೆಯನ್ನೂ ಇದೇ ಸಂಸ್ಥೆಯು ವರ್ಲ್ಡ್‌ಫಿಶ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಸಹಕಾರದಿಂದ 2007ರ ಸುಮಾರಿಗೆ ಕೈಗೊಂಡಿತು. ಪಶ್ಚಿಮದ ಗುಜರಾತ್, ದಕ್ಷಿಣದ ಕೇರಳ, ಪೂರ್ವದ ಒಡಿಶಾ ಈ ಮೂರು ಪ್ರಾಂತಗಳ ಸೀಗಡಿಗಳನ್ನು ತಂದು, ಪ್ರತಿಯೊಂದು ಮೂಲದ ಗಂಡನ್ನೂ ಮೂರೂ ಮೂಲಗಳ ಹೆಣ್ಣುಗಳೊಡನೆ ಕೂಡಿಸುವುದು ಅದರ ಕ್ರಮ. ಹೀಗೆ ಒಂಬತ್ತು ಜೋಡಣೆಗಳಾಗುವುವು; ಅವುಗಳಲ್ಲಿ ಮೂರು ಶುದ್ಧ, ಆರು ಸಂಕರ. ಗಂಡು ಯಾವ ಕಡೆಯದು, ಹೆಣ್ಣು ಯಾವ ಕಡೆಯದು ಎಂಬುದರಿಂದಲೂ ಫಲದಲ್ಲಿ ವ್ಯತ್ಯಾಸವಾಗಬಹುದಾದುದರಿಂದ ಎರಡು ದಿಕ್ಕಿನ ಜೋಡಣೆಗಳನ್ನೂ ಮಾಡುವುದು ಅಗತ್ಯ.

ಒಂದೊಂದು ತಾಯಿಯ ಮರಿಗಳನ್ನೂ ಮೊದಲು ಪ್ರತ್ಯೇಕವಾಗಿ ಸಾಕುವರು. ಅವು ಸ್ವಲ್ಪ ದೊಡ್ಡವಾದ ಮೇಲೆ ಬಣ್ಣದ ಗುರುತನ್ನು ಮೈಯೊಳಕ್ಕೆ ಚುಚ್ಚಿ, ಎಲ್ಲ ಕುಟುಂಬಗಳನ್ನೂ ಒಂದೇ ಕೊಳಕ್ಕೆ ಬಿಡುವರು. ಸೀಗಡಿಯು ಪದೇ ಪದೇ ಪೊರೆ ಬಿಡುವ ಪ್ರಾಣಿಯಾದುದರಿಂದ ಚಿಪ್ಪಿನ ಮೇಲೆ ಹಾಕಿದ ಗುರುತು ನಿಲ್ಲದು. ಮಾಂಸದಲ್ಲಿರುವ ಗುರುತು ಮಾತ್ರ ಉಳಿಯುವುದು. ಹಿಡುವಳಿಯ ಕಾಲದಲ್ಲಿ ಪ್ರತಿಯೊಂದು ಸೀಗಡಿಯನ್ನೂ ತೂಗಿ, ಗುರುತಿನಿಂದ ಕುಟುಂಬವನ್ನು ತಿಳಿದು, ಯಾವ ಕುಟುಂಬವು ಹೆಚ್ಚು ಬೆಳೆಯಿತು, ಯಾವುದು ಹೆಚ್ಚು ಉಳಿಯಿತು ಎಂದು ಲೆಕ್ಕ ಹಾಕುವರು. ಒಂದೇ ಒಂದು ದೊಡ್ಡ ಸೀಗಡಿಯನ್ನು ಕಂಡು ಆರಿಸುವುದು ಇಲ್ಲಿ ಮೋಸಕ್ಕೆ ದಾರಿ. ಗಂಡುಗಳಲ್ಲಿ ನೀಲಿ ಕೊಂಡಿಯ ಕೆಲವು ಬಲಶಾಲಿಗಳು ಉಳಿದವನ್ನು ಅದುಮಿಟ್ಟು ತಾವು ಮಾತ್ರ ದೊಡ್ಡವಾಗುವುದು ಈ ಪ್ರಾಣಿಯ ಸ್ವಭಾವ. ಆ ದೊಡ್ಡತನವು ತಳಿಯಿಂದ ಬಂದುದೋ ಜಗಳದಿಂದ ಬಂದುದೋ ಎಂಬುದು ಇಡೀ ಕುಟುಂಬದ ಲೆಕ್ಕವನ್ನು ನೋಡಿದಲ್ಲದೆ ತಿಳಿಯದು.

ಹೀಗೆ ಮೂರು ಮೂಲಗಳಿಂದ ಕೂಡಿದ ಹಿಂಡಿನಲ್ಲಿ, ರಕ್ತಸಂಬಂಧವು ಹೆಚ್ಚದಂತೆ ಜೋಡಿಗಳನ್ನು ನಿಯಮಿಸಿ, ತಲೆಮಾರು ತಲೆಮಾರಾಗಿ ಆಯ್ಕೆ ನಡೆಸಿ ಪಡೆದ ತಳಿಗೆ ಸೀಫಾ-ಜಿ.ಐ. ಸ್ಕ್ಯಾಂಪಿ ಎಂದು ಹೆಸರಿಟ್ಟು ರೈತರಿಗೆ ಒದಗಿಸಿರುವರು. ಇದರಿಂದ ತಿಳಿಯತಕ್ಕ ಮುಖ್ಯಾಂಶವೇನೆಂದರೆ, ಸಂಕರವು ಬಾಗಿಲನ್ನು ಮಾತ್ರ ತೆರೆಯುವುದು. ಮನೆಯನ್ನು ಕಟ್ಟುವುದು ಲೆಕ್ಕವಿಟ್ಟು ನಡೆಸಿದ ಆಯ್ಕೆ. ಲೆಕ್ಕವಿಲ್ಲದೆ ಎರಡು ಕಡೆಯ ಸೀಗಡಿಗಳನ್ನು ಬೆರೆಸಿ “ಸಂಕರ ಮರಿ” ಎಂದು ಮಾರಿದರೆ ಅದು ಸುಧಾರಿಸಿದ ತಳಿಯಾಗದು.

ಬೆಟ್ಟದ ಸೀಮೆಯಲ್ಲಿ ಗಮನಿಸತಕ್ಕ ಸಂಗತಿಗಳು

ತಳಿಯು ಎಷ್ಟೇ ಉತ್ತಮವಾಗಿದ್ದರೂ ನೀರಿನ ದೋಷವನ್ನು ಗೆಲ್ಲಲಾರದು. ಬಾಳ್ಳುಪೇಟೆಯ ಕಡೆ ಮರಿ ಕೊಳ್ಳುವುದಕ್ಕೆ ಮುಂಚೆ ಈ ಮೂರು ಸಂಗತಿಗಳನ್ನು ವಿಚಾರಿಸತಕ್ಕದ್ದು.

ಮೊದಲನೆಯದು ನೀರಿನ ಉಷ್ಣ. ಈ ಸೀಗಡಿಯು ಚೆನ್ನಾಗಿ ಬೆಳೆಯುವುದು 28ರಿಂದ 31 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ. ನೀರು ತಣ್ಣಗಾದಂತೆ ಮೇವು ತಿನ್ನುವುದೂ ಪೊರೆ ಬಿಡುವುದೂ ಕುಗ್ಗುವುವು. 14 ಡಿಗ್ರಿಯವರೆಗೆ ಇಳಿದರೆ ಸಾಯುವುವು. ಮಳೆಗಾಲದ ಮೋಡ, ಮಾಗಿಯ ಚಳಿ, ಮರಗಳ ನೆರಳು ಇವು ಬೆಟ್ಟದ ಕೆರೆಗಳನ್ನು ತಣ್ಣಗಿಡುವುವು. ಆದುದರಿಂದ ಒಂದು ವರ್ಷ ಪರ್ಯಂತ ಬೆಳಿಗ್ಗೆಯೂ ಸಾಯಂಕಾಲವೂ ಉಷ್ಣಮಾಪಕದಿಂದ ಅಳೆದು ಬರೆದಿಡುವುದು ಲೇಸು. ಒಟ್ಟಾಗಿ ಐದಾರು ತಿಂಗಳು ಬೆಚ್ಚಗಿರುವ ಬಯಲಿನ ಕೆರೆಗಳಿಗೆ ಮಾತ್ರ ಸೀಗಡಿ ಸಲ್ಲುವುದು. ಕಣಿವೆಯ ನೆರಳಿನ ಹೊಂಡಗಳಿಗೆ, ಚಳಿಯನ್ನು ತಡೆಯುವ ಸಾಮಾನ್ಯ ಗೆಂಡೆ ಮೀನೇ ತಕ್ಕುದು.

ಎರಡನೆಯದು ಸುಣ್ಣದಂಶ. ಚಿಪ್ಪು ಕಟ್ಟುವುದಕ್ಕೆ ಸುಣ್ಣ ಬೇಕು. ಮಲೆನಾಡಿನ ಮಣ್ಣು ಹುಳಿಯಾಗಿ, ನೀರಿನಲ್ಲಿ ಸುಣ್ಣವು ಕಡಿಮೆಯಾಗಿರುವುದು ಸಾಮಾನ್ಯ. ತೋಟಕ್ಕೆ ಸುಣ್ಣ ಹಾಕುವ ಮೊದಲು ಮಣ್ಣನ್ನು ಪರೀಕ್ಷಿಸುವಂತೆ, ಕೆರೆಯ ನೀರನ್ನೂ ತಳದ ಮಣ್ಣನ್ನೂ ಪರೀಕ್ಷೆ ಮಾಡಿಸಿ ತಕ್ಕಷ್ಟು ಸುಣ್ಣವನ್ನು ಕೊಡಬೇಕು.

ಮೂರನೆಯದು ತೋಟದಿಂದ ಹರಿದುಬರುವ ನೀರು. ಸೀಗಡಿಯು ಕೀಟಗಳ ದೂರದ ಬಂಧುವಾದುದರಿಂದ, ಕಾಂಡಕೊರೆಯುವ ಹುಳುವಿಗೂ ಕಾಯಿಕೊರೆಯುವ ಹುಳುವಿಗೂ ಬಳಸುವ ಕೀಟನಾಶಕಗಳು ಅದಕ್ಕೂ ಪ್ರಾಣಾಂತಕ. ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತವೂ ವಿಷವೇ. ಕಾಫಿ ಹಣ್ಣಿನ ಸಿಪ್ಪೆ ತೆಗೆದ ಪಲ್ಪರ್ ನೀರು ಕೆರೆಯನ್ನು ಸೇರಿದರೆ, ಅದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರಿಕೊಂಡು ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಕೊಲ್ಲಬಲ್ಲದು. ಇಂಥ ನೀರನ್ನು ಬೇರೆ ಕಾಲುವೆಯಿಂದ ತಿರುಗಿಸಲಾಗದ ಸ್ಥಳದಲ್ಲಿ ಸೀಗಡಿಯ ಯೋಚನೆಯನ್ನೇ ಮಾಡಕೂಡದು. ಊರಿನ ಕೆರೆಯಾದರೆ, ಮೇಲಣ ತೋಟದವರೆಲ್ಲರ ಒಪ್ಪಿಗೆಯನ್ನು ಗ್ರಾಮದ ಮುಖಂಡರು ಮುಂಚಿತವಾಗಿಯೇ ಪಡೆದುಕೊಳ್ಳಬೇಕು.

ಮರಿ ಕೊಳ್ಳುವಾಗ ವಿಚಾರಿಸತಕ್ಕದ್ದು

1. ತಂದೆತಾಯಿಗಳು ಯಾವ ನದಿಯಿಂದ ಅಥವಾ ಯಾವ ಸಂಸ್ಥೆಯಿಂದ ಬಂದುವು. ಎಷ್ಟು ತಲೆಮಾರಿನಿಂದ ಕೇಂದ್ರದಲ್ಲಿವೆ.

2. ಈ ಸಲದ ಮರಿಗಳಿಗೆ ಎಷ್ಟು ಗಂಡು, ಎಷ್ಟು ಹೆಣ್ಣುಗಳನ್ನು ಬಳಸಿದರು. ಮೇಲೆ ಹೇಳಿದ ಲೆಕ್ಕವನ್ನು ರೈತನೇ ಹಾಕಿ ನೋಡಬಹುದು.

3. ಸಾಕಣೆ ಕೊಳಗಳಲ್ಲಿ ಉಳಿದ ಹೆಣ್ಣುಗಳಿಂದ ಮರಿ ತೆಗೆದುದೇ, ಅಥವಾ ಆರಿಸಿ ಸಾಕಿದವುಗಳಿಂದಲೇ.

4. ಬಿಳಿಬಾಲದ ರೋಗವಿಲ್ಲವೆಂದು ಪರೀಕ್ಷೆಯಾದ ಪತ್ರವಿದೆಯೇ.

5. ಮರಿಗಳನ್ನು ಉಪ್ಪುನೀರಿನಿಂದ ಸಿಹಿನೀರಿಗೆ ಕ್ರಮವಾಗಿ ಒಗ್ಗಿಸಿದ್ದಾರೆಯೇ.

ಇವಕ್ಕೆ ಪುಸ್ತಕವನ್ನು ನೋಡಿ ಉತ್ತರ ಹೇಳುವ ಕೇಂದ್ರದಲ್ಲಿ, ಬೆಲೆ ಸ್ವಲ್ಪ ಹೆಚ್ಚಾದರೂ ಕೊಳ್ಳುವುದು ಮೇಲು.

ಎರಡು ಮರಿಗಳನ್ನು ಹೋಲಿಸುವ ಕ್ರಮ

ಯಾವ ಕೇಂದ್ರದ ಮರಿ ಮೇಲೆಂಬುದನ್ನು ತಿಳಿಯಲು ಸಮನಾದ ಎರಡು ಹೊಂಡಗಳಲ್ಲಿ ಒಂದೇ ದಿನ, ಒಂದೇ ಗಾತ್ರದ, ಒಂದೇ ಸಂಖ್ಯೆಯ ಮರಿಗಳನ್ನು ಬಿಟ್ಟು, ಒಂದೇ ಮೇವನ್ನು ಕೊಟ್ಟು, ತಿಂಗಳಿಗೊಮ್ಮೆ ಐವತ್ತನ್ನು ತೂಗಿ ಬರೆದಿಡಬೇಕು. ಕೊನೆಯಲ್ಲಿ ಸರಾಸರಿ ತೂಕವನ್ನು ಮಾತ್ರ ನೋಡಿದರೆ ಸಾಲದು. ದೃಷ್ಟಾಂತಕ್ಕೆ, ಒಂದು ಹೊಂಡದಲ್ಲಿ ಬಿಟ್ಟ 1,000 ಮರಿಗಳಲ್ಲಿ 400 ಉಳಿದು ಒಂದೊಂದೂ 60 ಗ್ರಾಂ ತೂಗಿದರೆ ಒಟ್ಟು 24 ಕಿಲೋ ಆಗುವುದು. ಇನ್ನೊಂದರಲ್ಲಿ 600 ಉಳಿದು 48 ಗ್ರಾಂ ತೂಗಿದರೆ 28.8 ಕಿಲೋ ಆಗುವುದು. ಮೊದಲನೆಯವು ದೊಡ್ಡವಾಗಿ ಕಂಡುದು ಜೊತೆಯವು ಸತ್ತು ಮೇವೂ ಸ್ಥಳವೂ ಹೆಚ್ಚಾಗಿ ದೊರೆತುದರಿಂದ ಇರಬಹುದು. ಬೆಳವಣಿಗೆ, ಉಳಿವು ಎರಡನ್ನೂ ಕೂಡಿಸಿ, ದೊಡ್ಡವಕ್ಕೆ ದೊರೆಯುವ ಹೆಚ್ಚು ಬೆಲೆಯನ್ನೂ ಸೇರಿಸಿ ನೋಡಿದ ಮೇಲೆಯೇ ತೀರ್ಮಾನ ಮಾಡತಕ್ಕದ್ದು. ಒಂದೇ ವರ್ಷದ ಫಲವನ್ನು ನೆಚ್ಚದೆ ಎರಡನೆಯ ವರ್ಷ ಹೊಂಡಗಳನ್ನು ಅದಲುಬದಲು ಮಾಡಿ ನೋಡಿದರೆ, ಹೊಂಡದ ಗುಣವು ತಳಿಯ ಗುಣವೆಂಬ ಭ್ರಮೆ ತಪ್ಪುವುದು.

ಕೋಡಿ ಬಿದ್ದಾಗ ಸೀಗಡಿಗಳು ಹಳ್ಳಕ್ಕೆ ಹೋಗದಂತೆ ಸಣ್ಣ ಕಣ್ಣಿನ ಬಲೆಯನ್ನು ಕಟ್ಟಬೇಕು. ಇದು ರೈತನ ನಷ್ಟವನ್ನು ತಪ್ಪಿಸುವುದಲ್ಲದೆ, ಹೊಳೆಗಳಲ್ಲಿರುವ ಸ್ಥಳೀಯ ಸೀಗಡಿಗಳನ್ನೂ ಕಾಪಾಡುವುದು. ಮುಂದೆ ತಳಿ ಕುಂದಿದಾಗ ಮತ್ತೆ ಹೊಸ ರಕ್ತವನ್ನು ತರಬೇಕಾದುದು ಕೆಡದೆ ಉಳಿದ ನದೀಮೂಲಗಳಿಂದಲೇ.

ಸಾರಾಂಶ

ಸಿಹಿನೀರಿನ ಸೀಗಡಿಯು ಬೆಟ್ಟದ ಕೆರೆಯಲ್ಲಿ ಸಂತಾನವನ್ನು ಬೆಳೆಸದು. ಆದುದರಿಂದ ಮರಿಯ ಮೂಲವನ್ನು ವಿಚಾರಿಸುವುದೇ ಮೊದಲ ಕೆಲಸ. ಕೆಲವೇ ತಂದೆತಾಯಿಗಳಿಂದ ತೆಗೆದ ಮರಿಗಳು ಬೇಗ ಕೆಡುವುವು. ಬೇರೆ ಬೇರೆ ನದೀಮೂಲಗಳನ್ನು ಕೂಡಿಸಿ, ಲೆಕ್ಕವಿಟ್ಟು ಆರಿಸಿದ ತಳಿಯು ಬೆಳವಣಿಗೆಯಲ್ಲಿಯೂ ಉಳಿವಿನಲ್ಲಿಯೂ ನಂಬಿಕೆಗೆ ಅರ್ಹವಾದುದು. ಆದರೆ ನೀರು ಬೆಚ್ಚಗೂ ಶುದ್ಧವಾಗಿಯೂ ಇಲ್ಲದ ಕೆರೆಗೆ ಎಂಥ ತಳಿಯೂ ಸಲ್ಲದು. ಕೆರೆಯ ನೀರಿನ ಉಷ್ಣವನ್ನು ಬರೆದ ಪುಸ್ತಕವನ್ನು ತೆಗೆದುಕೊಂಡು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳನ್ನು ಕಂಡು, ತಮ್ಮ ಕೆರೆಗೆ ಸೀಗಡಿಯು ತಕ್ಕುದೇ, ಗೆಂಡೆಯು ತಕ್ಕುದೇ ಎಂಬುದನ್ನು ಗೊತ್ತುಮಾಡಿಕೊಂಡು, ಅನಂತರವೇ ಜಮೀನುದಾರರು ಹಣವನ್ನು ತೊಡಗಿಸತಕ್ಕದ್ದು.